ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿಗೆ ಹೊಂದುವುದು ಹೇಗೆ

ಕನ್ನಡಕ ಧರಿಸುವವರ ಬಳಿ ಸಾಮಾನ್ಯವಾಗಿ ಒಂದು ಚೀಟಿ ಇರುತ್ತದೆ. ಬಲಗಣ್ಣಿಗೆ ಇಷ್ಟು, ಎಡಗಣ್ಣಿಗೆ ಇಷ್ಟು ಎಂದು ಅದರಲ್ಲಿ ಪವರ್ ಬರೆದಿರುತ್ತದೆ. ಕೆಲವರಿಗೆ ಪಕ್ಕದಲ್ಲಿ ಸಿಲಿಂಡರ್ ನಂಬರೂ (ಕಣ್ಣು ಎಲ್ಲ ದಿಕ್ಕಿನಲ್ಲೂ ಬೆಳಕನ್ನು ಒಂದೇ ಸಮ ಬಾಗಿಸದಿರುವ ದೋಷದ ಅಳತೆ) ಅದರ ಕೋನವೂ ಇರುತ್ತವೆ. ಕಾಂಟ್ಯಾಕ್ಟ್ ಲೆನ್ಸ್ ಬೇಕೆನಿಸಿದಾಗ ಇದೇ ಚೀಟಿಯನ್ನು ಕನ್ನಡಕದ ಅಂಗಡಿಯವರ ಕೈಗೆ ಕೊಡುವುದು, ಇಲ್ಲವೇ ಅದೇ ಅಂಕಿಗಳನ್ನು ಆನ್‌ಲೈನ್ ಅಂಗಡಿಯಲ್ಲಿ ತುಂಬಿ ಲೆನ್ಸ್ ತರಿಸಿಕೊಳ್ಳುವುದು ನಮ್ಮಲ್ಲಿ ತೀರ ಸಾಮಾನ್ಯ. ಆದರೆ ಆ ಚೀಟಿ ಹೇಳುವುದು ಕಣ್ಣಿನೊಳಗೆ ಹೋಗುವ ಬೆಳಕನ್ನು ಎಷ್ಟು ಬಾಗಿಸಬೇಕು ಎಂಬುದನ್ನು ಮಾತ್ರ. ಕಣ್ಣಿನ ಮೇಲ್ಮೈ ಎಷ್ಟು ಉಬ್ಬಿದೆ, ಎಷ್ಟು ಅಗಲವಿದೆ, ಅದರ ಮೇಲಿನ ಕಣ್ಣೀರು ಎಷ್ಟು ಹೊತ್ತು ನಿಲ್ಲುತ್ತದೆ, ರೆಪ್ಪೆಯ ಒಳಭಾಗ ಆರೋಗ್ಯವಾಗಿದೆಯೇ ಎಂಬ ಯಾವ ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ಕನ್ನಡಕಕ್ಕೆ ಈ ಉತ್ತರಗಳ ಅಗತ್ಯವೂ ಇಲ್ಲ, ಏಕೆಂದರೆ ಅದು ಮೂಗಿನ ಮೇಲೆ ಕೂರುತ್ತದೆ.

ಲೆನ್ಸ್ ಕೂರುವ ಜಾಗ ಕಾರ್ನಿಯಾ, ಎಂದರೆ ಕಣ್ಣಿನ ಕರಿಭಾಗವನ್ನು ಮುಂದಿನಿಂದ ಮುಚ್ಚಿರುವ ಪಾರದರ್ಶಕ ಪದರ. ಅದರ ಅಡ್ಡಗಲ ಸುಮಾರು 11.5ರಿಂದ 12 ಮಿಲಿಮೀಟರ್. ನಡುವಿನ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಅದರಲ್ಲಿ ರಕ್ತನಾಳಗಳಿಲ್ಲ. ಹೀಗಾಗಿ ಎಚ್ಚರವಾಗಿರುವಷ್ಟು ಹೊತ್ತೂ ತನಗೆ ಬೇಕಾದ ಆಮ್ಲಜನಕದ ಬಹುಪಾಲನ್ನು ಅದು ಹೊರಗಿನ ಗಾಳಿಯಿಂದ, ಕಣ್ಣೀರಿನ ತೆಳುಪೊರೆಯ ಮೂಲಕ ಪಡೆದುಕೊಳ್ಳುತ್ತದೆ. ಆ ಪೊರೆಯ ಮೇಲೆಯೇ ನಾವು ಒಂದು ಪ್ಲಾಸ್ಟಿಕ್ ತುಣುಕನ್ನು ದಿನಕ್ಕೆ ಹತ್ತು ಹನ್ನೆರಡು ಗಂಟೆ ಇಡುತ್ತೇವೆ. ಲೆನ್ಸ್ ಹೊಂದಿಸುವ ಪರೀಕ್ಷೆಯ ಎಲ್ಲ ಹಂತಗಳೂ ಈ ಒಂದು ಸಂಗತಿಯಿಂದ ಹುಟ್ಟಿಕೊಂಡವು.

ಮೊದಲು ಪವರಿನ ವಿಚಾರವನ್ನೇ ನೋಡೋಣ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12ರಿಂದ 14 ಮಿಲಿಮೀಟರ್ ಮುಂದಿರುತ್ತದೆ. ಮೈನಸ್ ಗಾಜನ್ನು ಕಣ್ಣಿಗೆ ಹತ್ತಿರ ತಂದಷ್ಟೂ ಅದರ ಪರಿಣಾಮ ಹೆಚ್ಚುತ್ತದೆ. ಆದ್ದರಿಂದ ಕಣ್ಣಿನ ಮೇಲೆಯೇ ಇಡುವಾಗ ಕಡಿಮೆ ಪವರ್ ಸಾಕಾಗುತ್ತದೆ. ಪ್ಲಸ್ ಗಾಜಿನಲ್ಲಿ ಇದು ತಿರುವುಮುರುವು. ನಂಬರ್ ನಾಲ್ಕು ಡಯಾಪ್ಟರಿನ (ಪವರನ್ನು ಅಳೆಯುವ ಮಾನ) ಒಳಗಿದ್ದರೆ ಈ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕನ್ನಡಕದಲ್ಲಿ -6.00 ಇರುವವರಿಗೆ ಲೆನ್ಸಿನಲ್ಲಿ ಸುಮಾರು -5.60 ಸಾಕು, -8.00 ಇರುವವರಿಗೆ -7.30ರ ಆಸುಪಾಸು ಸಾಕು, +6.00 ಇರುವವರಿಗೆ ಹೆಚ್ಚೂಕಡಿಮೆ +6.50 ಬೇಕಾಗುತ್ತದೆ. ಚೀಟಿಯ ಅಂಕಿಯನ್ನು ಹಾಗೆಯೇ ಲೆನ್ಸಿಗೆ ಇಳಿಸಿಕೊಂಡ ಮೈನಸ್ ಎಂಟರವರು ಇಡೀ ದಿನ ಅಗತ್ಯಕ್ಕಿಂತ ಹೆಚ್ಚಿನ ಪವರಿನಲ್ಲಿ ಓದುತ್ತಾ, ಸಂಜೆಯ ತಲೆನೋವಿಗೆ ಬೇರೆಲ್ಲೋ ಕಾರಣ ಹುಡುಕುತ್ತಿರುತ್ತಾರೆ.

ಪರೀಕ್ಷೆ ಆರಂಭವಾಗುವುದು ಯಂತ್ರದಿಂದಲ್ಲ, ಮಾತಿನಿಂದ. ನೇತ್ರತಜ್ಞರಾಗಲಿ, ದೃಷ್ಟಿ ಪರೀಕ್ಷಿಸಿ ಕನ್ನಡಕ, ಲೆನ್ಸ್ ಹೊಂದಿಸುವ ಆಪ್ಟೋಮೆಟ್ರಿಸ್ಟ್ ಆಗಲಿ ಮೊದಲು ಕೇಳಬೇಕಾದುದು ಲೆನ್ಸ್ ಯಾವುದಕ್ಕೆ ಬೇಕು ಎಂದು: ದಿನವಿಡೀ ಧರಿಸಲಿಕ್ಕೋ, ವಾರಕ್ಕೆರಡು ದಿನ ಶಟಲ್ ಆಡುವಾಗ ಮಾತ್ರವೋ, ಮದುವೆಯ ಎರಡು ದಿನಕ್ಕೋ. ಎಸಿ ಹಾಕಿದ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸವೇ, ದ್ವಿಚಕ್ರ ವಾಹನದಲ್ಲಿ ಧೂಳು ಕುಡಿಯುತ್ತ ಓಡಾಡುವ ಕೆಲಸವೇ, ಹಿಟ್ಟಿನ ಗಿರಣಿಯೋ ಸಿಮೆಂಟೋ ಇರುವ ಜಾಗವೇ ಎಂಬುದೂ ಮುಖ್ಯ. ಮೂಗು ಸೋರುವಿಕೆಗೆ, ಅಲರ್ಜಿಗೆ ತೆಗೆದುಕೊಳ್ಳುವ ಮಾತ್ರೆಗಳು ಕಣ್ಣೀರನ್ನು ಕಡಿಮೆ ಮಾಡಬಲ್ಲವು; ಮೊಡವೆಗೆಂದು ಕೊಡುವ ಐಸೋಟ್ರೆಟಿನಾಯಿನ್ ಕಣ್ಣನ್ನು ಚೆನ್ನಾಗಿಯೇ ಒಣಗಿಸುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಬಸಿರು, ಹಿಂದೆ ಆದ ಕಣ್ಣಿನ ಶಸ್ತ್ರಚಿಕಿತ್ಸೆ ಯಾವುದನ್ನೂ ಮುಚ್ಚಿಡಬಾರದು. ಮೊದಲೇ ಲೆನ್ಸ್ ಧರಿಸುತ್ತಿರುವವರು ಮೆದು ಲೆನ್ಸನ್ನು ಕೆಲವು ದಿನ, ಗಟ್ಟಿ ಲೆನ್ಸನ್ನು ಇನ್ನೂ ಹೆಚ್ಚು ಕಾಲ ಬಿಟ್ಟು ಬರುವಂತೆ ಹೇಳುವುದುಂಟು, ಏಕೆಂದರೆ ಲೆನ್ಸಿನ ಒತ್ತಡಕ್ಕೆ ಕಾರ್ನಿಯಾದ ಆಕಾರವೇ ತಾತ್ಕಾಲಿಕವಾಗಿ ಬದಲಾಗಿರಬಹುದು. ಎಷ್ಟು ದಿನ ಎಂಬುದನ್ನು ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಅಕ್ಷರಗಳ ಫಲಕ ಓದಿಸಿ ಪವರ್ ನೋಡುವುದು ಎಲ್ಲರಿಗೂ ಗೊತ್ತಿರುವುದೇ. ಅದರ ನಂತರ ಬರುವುದು ಕೆರಟೋಮೀಟರ್. ಇದು ಕಾರ್ನಿಯಾದ ಮೇಲೆ ಬೀಳುವ ಬೆಳಕಿನ ಪ್ರತಿಬಿಂಬದ ಗಾತ್ರವನ್ನು ಅಳೆದು, ಅದರಿಂದ ಉಬ್ಬಿನ ತ್ರಿಜ್ಯವನ್ನು ಲೆಕ್ಕ ಹಾಕುತ್ತದೆ. ಸಾಮಾನ್ಯ ಕಣ್ಣಿನಲ್ಲಿ ಈ ತ್ರಿಜ್ಯ 7.8 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ; ಡಯಾಪ್ಟರಿನಲ್ಲಿ ಹೇಳುವುದಾದರೆ 43ಕ್ಕೆ ತುಸು ಮೇಲೆ. ಆದರೆ ಕೆರಟೋಮೀಟರ್ ನೋಡುವುದು ನಡುವಿನ ಸುಮಾರು ಮೂರು ಮಿಲಿಮೀಟರ್ ಭಾಗವನ್ನು ಮಾತ್ರ, ಮೆದು ಲೆನ್ಸಿನ ಅಗಲವಾದರೋ 14 ಮಿಲಿಮೀಟರಿನಷ್ಟು. ಅದು ಕಾರ್ನಿಯಾವನ್ನು ದಾಟಿ ಬಿಳಿಭಾಗದ ಮೇಲೂ ಚಾಚಿಕೊಂಡಿರುತ್ತದೆ. ಆದ್ದರಿಂದಲೇ ಕಾರ್ನಿಯಾದ ಅಗಲವನ್ನೂ ಅಳೆಯುತ್ತಾರೆ, ಅನುಕೂಲವಿರುವ ಕಡೆ ಟೊಪಾಗ್ರಫಿ ಎಂಬ ಯಂತ್ರದಿಂದ ಇಡೀ ಮೇಲ್ಮೈಯ ಏರಿಳಿತದ ಬಣ್ಣದ ನಕ್ಷೆಯನ್ನೂ ತೆಗೆಯುತ್ತಾರೆ.

ಈ ನಕ್ಷೆಗೆ ಇನ್ನೊಂದು ಉಪಯೋಗವಿದೆ. ಅಲರ್ಜಿಯಿಂದ ಸದಾ ಕಣ್ಣು ಉಜ್ಜಿಕೊಳ್ಳುವ ಹದಿಹರೆಯದವರಲ್ಲಿ ಕಾರ್ನಿಯಾ ತೆಳುವಾಗುತ್ತ ಶಂಕುವಿನ ಆಕಾರಕ್ಕೆ ಉಬ್ಬುವ ಕೆರಟೋಕೋನಸ್ ಎಂಬ ತೊಂದರೆ ಕಾಣಿಸಿಕೊಳ್ಳಬಹುದು. ಆರಂಭದಲ್ಲಿ ಅದು ಸಿಲಿಂಡರ್ ನಂಬರ್ ಮತ್ತೆ ಮತ್ತೆ ಬದಲಾಗುವ ರೂಪದಲ್ಲಿ ಮಾತ್ರ ತೋರಬಹುದು; ಟೊಪಾಗ್ರಫಿಯಲ್ಲಿ ಬೇಗ ಸಿಕ್ಕಿಬೀಳುತ್ತದೆ. ಲೆನ್ಸಿಗೆಂದು ಹೋದವರಲ್ಲಿ ಈ ತೊಂದರೆ ಪತ್ತೆಯಾದರೆ ಅವರಿಗೆ ಬೇಕಾದ ಚಿಕಿತ್ಸೆಯೂ ಬೇರೆ, ಲೆನ್ಸೂ ಬೇರೆ.

ನನ್ನ ಅಭಿಪ್ರಾಯದಲ್ಲಿ ಇಡೀ ಪರೀಕ್ಷೆಯ ಜೀವಾಳ ಸ್ಲಿಟ್ ಲ್ಯಾಂಪ್. ಗದ್ದ ಹಾಗೂ ಹಣೆಯನ್ನು ಒಂದು ಚೌಕಟ್ಟಿಗೆ ಆನಿಸಿ ಕುಳಿತಾಗ ಎದುರಿನವರು ಕಿರಿದಾದ ಬೆಳಕಿನ ಪಟ್ಟಿಯನ್ನು ಹಾಯಿಸಿ ಸೂಕ್ಷ್ಮದರ್ಶಕದಲ್ಲಿ ಕಣ್ಣು ನೋಡುವ ಯಂತ್ರವಿದು. ರೆಪ್ಪೆಗೂದಲ ಬುಡದಲ್ಲಿ ಹೊಟ್ಟಿನಂಥ ಪುಡಿ ಕಟ್ಟಿದೆಯೇ, ರೆಪ್ಪೆಯಂಚಿನ ಎಣ್ಣೆಗ್ರಂಥಿಗಳ ಬಾಯಿ ಮುಚ್ಚಿದೆಯೇ, ಕಾರ್ನಿಯಾದ ಅಂಚಿನಿಂದ ಒಳಕ್ಕೆ ಹೊಸ ರಕ್ತನಾಳಗಳು ಚಿಗುರಿವೆಯೇ, ಹಳೆಯ ಗಾಯದ ಕಲೆಯಿದೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ಮೇಲಿನ ರೆಪ್ಪೆಯನ್ನು ಮಗುಚಿ ಅದರ ಒಳಮೈಯನ್ನೂ ನೋಡಬೇಕು. ಅಲ್ಲಿ ಗುಳ್ಳೆಗಳೆದ್ದಿದ್ದರೆ ಅಲರ್ಜಿ ಇದೆಯೆಂದು ತಿಳಿಯುತ್ತದೆ. ಅದನ್ನು ಶಮನ ಮಾಡದೆ ಲೆನ್ಸ್ ಕೊಟ್ಟರೆ ಕೆಲವೇ ತಿಂಗಳಲ್ಲಿ ತುರಿಕೆ ಹೆಚ್ಚಾಗಿ ಧರಿಸಲಾಗದ ಸ್ಥಿತಿ ಬರುತ್ತದೆ. ರೆಪ್ಪೆ ಮಗುಚುವುದು ನೋವಿನ ಕೆಲಸವಲ್ಲ, ಕೊಂಚ ಮುಜುಗರದ್ದು, ಅಷ್ಟೆ. ಸ್ಲಿಟ್ ಲ್ಯಾಂಪಿನಲ್ಲಿ ಕಣ್ಣನ್ನು ನೋಡದೆ ಲೆನ್ಸ್ ಕೊಡಲು ಮುಂದಾಗುವ ಜಾಗದಿಂದ ಎದ್ದು ಬರುವುದೇ ಸರಿ.

ಇದೇ ಯಂತ್ರದ ಮುಂದೆ ಕಣ್ಣೀರಿನ ಪರೀಕ್ಷೆಯೂ ನಡೆಯುತ್ತದೆ. ಫ್ಲೋರೆಸೀನ್ ಎಂಬ ಕಿತ್ತಳೆ ಬಣ್ಣದ ದ್ರವ್ಯ ಅಂಟಿಸಿದ ಕಾಗದದ ಪಟ್ಟಿಯನ್ನು ತೇವ ಮಾಡಿ ಕಣ್ಣಿಗೆ ಮುಟ್ಟಿಸಿ, ನೀಲಿ ಬೆಳಕು ಹಾಯಿಸಿದರೆ ಕಣ್ಣೀರಿನ ಪೊರೆ ಹಸಿರಾಗಿ ಹೊಳೆಯುತ್ತದೆ. ರೆಪ್ಪೆ ಬಡಿದ ಮೇಲೆ ಕಣ್ಣು ತೆರೆದೇ ಇಟ್ಟುಕೊಂಡಿದ್ದರೆ ಆ ಹಸಿರಿನಲ್ಲಿ ಮೊದಲ ಕಪ್ಪು ಮಚ್ಚೆ ಮೂಡಲು ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸುತ್ತಾರೆ. ಹತ್ತು ಸೆಕೆಂಡಿಗಿಂತ ಮೊದಲೇ ಪೊರೆ ಒಡೆದರೆ ಕಣ್ಣೀರು ದುರ್ಬಲವಾಗಿದೆಯೆಂದು ಎಣಿಕೆ. ಕಣ್ಣೀರಿನ ಪ್ರಮಾಣ ತಿಳಿಯಲು ಕೆಳರೆಪ್ಪೆಯ ಅಂಚಿಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ, ಐದು ನಿಮಿಷದಲ್ಲಿ ಎಷ್ಟು ಮಿಲಿಮೀಟರ್ ಒದ್ದೆಯಾಯಿತೆಂದು ನೋಡುವ ಷಿರ್ಮರ್ ಪರೀಕ್ಷೆಯೂ ಉಂಟು. ಕಂಪ್ಯೂಟರ್ ಮುಂದೆ ಕೂತವರು ರೆಪ್ಪೆ ಬಡಿಯುವುದೇ ಕಡಿಮೆ, ಬಡಿದರೂ ಅರ್ಧಂಬರ್ಧ. ಅಂಥವರ ಕಣ್ಣೀರು ಮೊದಲೇ ದುರ್ಬಲವಾಗಿದ್ದರೆ ಎಂಥ ದುಬಾರಿ ಲೆನ್ಸೂ ಸಂಜೆಯ ಹೊತ್ತಿಗೆ ಕಣ್ಣಿಗೆ ಮರಳು ಬಿದ್ದಂತಾಗಿಸುತ್ತದೆ. ಇಂಥ ಕಡೆ ಮೊದಲು ಕಣ್ಣಿನ ಒಣಗುವಿಕೆಗೆ ಚಿಕಿತ್ಸೆ ಮಾಡಿ ಕೆಲವು ವಾರ ಬಿಟ್ಟು ಬರಲು ಹೇಳುವವರನ್ನು ವ್ಯಾಪಾರ ಗೊತ್ತಿಲ್ಲದವರೆಂದು ಬಗೆಯಬಾರದು.

ಇಷ್ಟೆಲ್ಲ ಅಳತೆ ಮಾಡಿದ ಮೇಲೂ ಯಾವ ಲೆನ್ಸ್ ಹೊಂದುತ್ತದೆ ಎಂಬುದು ಕಾಗದದ ಮೇಲೆ ತೀರ್ಮಾನವಾಗುವುದಿಲ್ಲ. ಲೆನ್ಸಿನ ಪೆಟ್ಟಿಗೆಯ ಮೇಲೆ ಪವರಿನ ಜೊತೆ ಇನ್ನೆರಡು ಅಂಕಿಗಳಿರುತ್ತವೆ: ಬೇಸ್ ಕರ್ವ್, ಅಂದರೆ ಲೆನ್ಸಿನ ಒಳಮೈಯ ಬಾಗು, ಮೆದು ಲೆನ್ಸುಗಳಲ್ಲಿ ಸಾಮಾನ್ಯವಾಗಿ 8.3ರಿಂದ 9.0 ಮಿಲಿಮೀಟರಿನೊಳಗೆ, ಮತ್ತು ವ್ಯಾಸ, ಸಾಮಾನ್ಯವಾಗಿ 14 ಮಿಲಿಮೀಟರಿನ ಆಸುಪಾಸಿನಲ್ಲಿ. ಒಂದು ಕಂಪನಿಯ 8.6, ಇನ್ನೊಂದು ಕಂಪನಿಯ 8.6ರ ಹಾಗೆಯೇ ಕೂರುತ್ತದೆ ಎನ್ನುವಂತಿಲ್ಲ. ವಸ್ತುವಿನ ಬಿಗುವು, ಅಂಚಿನ ವಿನ್ಯಾಸ, ವ್ಯಾಸ ಎಲ್ಲವೂ ಸೇರಿ ಅದು ಕಣ್ಣಿನ ಮೇಲೆ ಹೇಗೆ ಹರಡಿಕೊಳ್ಳುತ್ತದೆ ಎಂಬುದನ್ನು ನಿರ್ಧರಿಸುತ್ತವೆ. ಬಳೆಗಾರ ಮಣಿಕಟ್ಟಿನ ಅಳತೆ ಕೇಳುವುದಿಲ್ಲ, ಕೈ ಹಿಡಿದು ಒಂದು ಬಳೆ ಏರಿಸಿ ನೋಡುತ್ತಾನೆ. ಇಲ್ಲಿಯೂ ಪ್ರಾಯೋಗಿಕ ಲೆನ್ಸನ್ನು ಅದೇ ಕಣ್ಣಿಗೆ ಹಾಕಿ, ಹತ್ತಿಪ್ಪತ್ತು ನಿಮಿಷ ಬಿಟ್ಟು, ಸ್ಲಿಟ್ ಲ್ಯಾಂಪಿನಲ್ಲಿ ಮತ್ತೆ ನೋಡಬೇಕು. ಆ ಬಿಡುವು ಕೊಡುವುದಕ್ಕೆ ಕಾರಣವಿದೆ: ಹೊಸ ಲೆನ್ಸ್ ಬಿದ್ದ ತಕ್ಷಣ ಕಣ್ಣು ನೀರಾಡುತ್ತದೆ, ಆ ನೀರಿನಲ್ಲಿ ಲೆನ್ಸ್ ನಿಜಕ್ಕಿಂತ ಹೆಚ್ಚು ಓಡಾಡುತ್ತದೆ.

ಆಗ ನೋಡುವುದೇನು? ಮೊದಲನೆಯದಾಗಿ ಲೆನ್ಸ್ ಕಾರ್ನಿಯಾವನ್ನು ಎಲ್ಲ ದಿಕ್ಕಿನಲ್ಲೂ ಪೂರ್ತಿ ಮುಚ್ಚಿ, ಅಂಚಿನಾಚೆಗೂ ಮಿಲಿಮೀಟರಿನಷ್ಟು ಚಾಚಿರಬೇಕು. ಪ್ರತಿ ಸಲ ರೆಪ್ಪೆ ಬಡಿದಾಗಲೂ ಅದು ತುಸು, ಎಂದರೆ ಮಿಲಿಮೀಟರಿನ ಕಾಲು ಭಾಗದಿಂದ ಅರ್ಧದಷ್ಟು, ಸರಿದು ಮತ್ತೆ ಸ್ವಸ್ಥಾನಕ್ಕೆ ಬರಬೇಕು. ಈ ಸರಿದಾಟದಿಂದಲೇ ಲೆನ್ಸಿನಡಿಯ ಹಳೆಯ ಕಣ್ಣೀರು, ಸತ್ತ ಜೀವಕೋಶಗಳು ಹೊರಹೋಗಿ ಹೊಸ ಕಣ್ಣೀರು ಒಳಬರುತ್ತದೆ. ಪರೀಕ್ಷಿಸುವವರು ಕೆಳರೆಪ್ಪೆಯಿಂದ ಲೆನ್ಸಿನ ಅಂಚನ್ನು ಮೇಲಕ್ಕೆ ನೂಕಿ ಬಿಡುತ್ತಾರೆ. ಸರಾಗವಾಗಿ ಮೇಲೇರಿ ಬೇಗ ಇಳಿದರೆ ಸರಿ, ಅಲುಗಾಡಲು ಹಟ ಹಿಡಿದರೆ ಬಿಗಿ. ದೃಷ್ಟಿಯೂ ಸುಳಿವು ಕೊಡುತ್ತದೆ. ಬಿಗಿಯಾದ ಲೆನ್ಸಿನಲ್ಲಿ ರೆಪ್ಪೆ ಬಡಿದ ಕ್ಷಣ ಅಕ್ಷರ ಸ್ಪಷ್ಟವಾಗಿ ಮತ್ತೆ ಮಸುಕಾಗುತ್ತದೆ. ಸಡಿಲವಾದ ಲೆನ್ಸಿನಲ್ಲಿ ಚೆನ್ನಾಗಿ ಕಾಣುತ್ತಿದ್ದುದೇ ರೆಪ್ಪೆ ಬಡಿದೊಡನೆ ಕದಡುತ್ತದೆ.

ಇಲ್ಲಿ ಹೊಸಬರು ಮೋಸಹೋಗುವ ಜಾಗವೊಂದಿದೆ. ಸಡಿಲ ಲೆನ್ಸಿನ ಅಂಚು ರೆಪ್ಪೆಗೆ ತಾಗುವುದರಿಂದ ಅದು ಮೊದಲ ನಿಮಿಷದಿಂದಲೇ ಕಿರಿಕಿರಿ ಮಾಡುತ್ತದೆ, ಬಿಗಿ ಲೆನ್ಸ್ ಮಾಡುವುದಿಲ್ಲ. ಅಲುಗಾಡದೆ ಕೂತಿರುವ ಬಿಗಿ ಲೆನ್ಸ್ ಮೊದಲ ದಿನ ಇಲ್ಲವೇ ಇಲ್ಲವೆಂಬಷ್ಟು ಹಿತವಾಗಿರಬಲ್ಲದು. ಅದರ ಫಲ ತಿಳಿಯುವುದು ಕೆಲವು ಗಂಟೆಗಳ ಅಥವಾ ದಿನಗಳ ನಂತರ, ಕಾರ್ನಿಯಾದ ಸುತ್ತ ಕೆಂಪು ಉಂಗುರ ಮೂಡಿದಾಗ ಅಥವಾ ಲೆನ್ಸ್ ತೆಗೆದ ಮೇಲೆ ಬಿಳಿಭಾಗದಲ್ಲಿ ಅದರ ಅಂಚಿನ ಗುರುತು ಉಳಿದಾಗ. ಆದ್ದರಿಂದ ‘ಏನೂ ಗೊತ್ತಾಗುತ್ತಿಲ್ಲ, ಇದನ್ನೇ ಕೊಡಿ’ ಎಂಬ ಗಿರಾಕಿಯ ಮಾತು ಲೆನ್ಸ್ ಹೊಂದಿದೆ ಎಂಬುದಕ್ಕೆ ಸಾಕ್ಷಿಯಾಗಲಾರದು. ಸಾಕ್ಷಿ ಇರುವುದು ಸೂಕ್ಷ್ಮದರ್ಶಕದಲ್ಲಿ ಕಾಣುವ ಆ ಅರ್ಧ ಮಿಲಿಮೀಟರಿನೊಳಗಿನ ಚಲನೆಯಲ್ಲಿ.

ಸಿಲಿಂಡರ್ ನಂಬರ್ ಮುಕ್ಕಾಲು ಡಯಾಪ್ಟರ್ ಅಥವಾ ಹೆಚ್ಚಿದ್ದರೆ ಅದನ್ನೂ ಸರಿಪಡಿಸುವ ಟೋರಿಕ್ ಲೆನ್ಸ್ ಬೇಕಾಗುತ್ತದೆ. ಕನ್ನಡಕದಲ್ಲಿ ಗಾಜು ಚೌಕಟ್ಟಿಗೆ ಕಚ್ಚಿಕೊಂಡಿರುವುದರಿಂದ ಕೋನ ಬದಲಾಗುವುದಿಲ್ಲ. ಕಣ್ಣಿನ ಮೇಲೆ ತೇಲುವ ಲೆನ್ಸ್ ತಿರುಗಬಲ್ಲದು. ಅದನ್ನು ತಡೆಯಲು ಲೆನ್ಸಿನ ಕೆಲವು ಭಾಗಗಳನ್ನು ದಪ್ಪವಾಗಿಯೂ ಕೆಲವನ್ನು ತೆಳುವಾಗಿಯೂ ಮಾಡಿರುತ್ತಾರೆ, ಅದು ಎಷ್ಟು ತಿರುಗಿದೆಯೆಂದು ತಿಳಿಯಲು ಅಂಚಿನಲ್ಲಿ ಸಣ್ಣ ಗೆರೆಗಳ ಗುರುತು ಹಾಕಿರುತ್ತಾರೆ. ಹತ್ತು ಡಿಗ್ರಿ ತಪ್ಪಿದರೆ ಸಿಲಿಂಡರಿನ ಮೂರನೇ ಒಂದು ಭಾಗದಷ್ಟು ದೋಷ ಹಾಗೆಯೇ ಉಳಿಯುತ್ತದೆ. ಮೂವತ್ತು ಡಿಗ್ರಿ ತಪ್ಪಿದರೆ ಸಿಲಿಂಡರ್ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಲೆನ್ಸ್ ಪ್ರತಿ ಸಲವೂ ಒಂದೇ ಕಡೆಗೆ ಒಂದೇ ಪ್ರಮಾಣದಲ್ಲಿ ತಿರುಗಿ ನಿಲ್ಲುತ್ತಿದ್ದರೆ ಚಿಂತೆಯಿಲ್ಲ: ಕೆಳಗಿನ ಗುರುತು ಪರೀಕ್ಷಕರ ಎಡಕ್ಕೆ ಸರಿದಿದ್ದರೆ ಅಷ್ಟು ಡಿಗ್ರಿಯನ್ನು ಕೋನಕ್ಕೆ ಕೂಡಿಸಿ, ಬಲಕ್ಕೆ ಸರಿದಿದ್ದರೆ ಕಳೆದು ಬೇರೆ ಲೆನ್ಸ್ ತರಿಸುತ್ತಾರೆ. ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ನಿಲ್ಲುವ ಲೆನ್ಸಾದರೆ ಆ ವಿನ್ಯಾಸವನ್ನೇ ಬದಲಿಸಬೇಕು. ಟೋರಿಕ್ ಲೆನ್ಸಿಗೆ ಎರಡು ಮೂರು ಸಲ ಬರಬೇಕಾಗುವುದು ಇದರಿಂದಲೇ.

ಕೆರಟೋಕೋನಸ್ ಇರುವವರಿಗೆ, ಸಿಲಿಂಡರ್ ತೀರ ಹೆಚ್ಚಿರುವವರಿಗೆ ಗಾಳಿಯಾಡುವ ಗಟ್ಟಿ ಲೆನ್ಸ್ ಕೊಡುವುದುಂಟು. ಒಂಬತ್ತು ಹತ್ತು ಮಿಲಿಮೀಟರ್ ವ್ಯಾಸದ ಈ ಲೆನ್ಸ್ ಕಾರ್ನಿಯಾದ ಮೇಲೆಯೇ ಪೂರ್ತಿ ನಿಲ್ಲುತ್ತದೆ, ಅದರಡಿಯಲ್ಲಿ ಸೇರುವ ಕಣ್ಣೀರು ಕಾರ್ನಿಯಾದ ಏರುಪೇರನ್ನು ತುಂಬಿ ಸಮ ಮಾಡುತ್ತದೆ. ಇದರ ಹೊಂದಾಣಿಕೆಯನ್ನು ಫ್ಲೋರೆಸೀನ್ ಹಾಕಿ ನೋಡುತ್ತಾರೆ: ಹಸಿರು ನಡುವಿನಲ್ಲಿ ಮಡುಗಟ್ಟಿದ್ದರೆ ಬಾಗು ಹೆಚ್ಚಾಯಿತು, ನಡುಭಾಗ ಕಪ್ಪಾಗಿ ಅಂಚಿನಲ್ಲಿ ಹಸಿರು ತುಂಬಿದ್ದರೆ ಬಾಗು ಕಡಿಮೆಯಾಯಿತು. ಮೆದು ಲೆನ್ಸಿಗೆ ಈ ಬಣ್ಣ ಸಲ್ಲದು, ಲೆನ್ಸೇ ಅದನ್ನು ಹೀರಿಕೊಂಡು ಕೆಟ್ಟುಹೋಗುತ್ತದೆ. ಕಾರ್ನಿಯಾವನ್ನು ಮುಟ್ಟದೆ ಕಮಾನಿನಂತೆ ದಾಟಿ ಬಿಳಿಭಾಗದ ಮೇಲೆ ಕೂರುವ ಸ್ಕ್ಲೀರಲ್ ಲೆನ್ಸುಗಳೂ ಇವೆ. ಅವುಗಳ ಕೆಲಸ ದೊಡ್ಡ ಕಣ್ಣಾಸ್ಪತ್ರೆಗಳ ವಿಶೇಷ ವಿಭಾಗಕ್ಕೆ ಸೇರಿದ್ದು.

ನಲವತ್ತು ದಾಟುತ್ತಿರುವವರಿಗೆ ಒಂದು ಮಾತು. ಮೈನಸ್ ನಂಬರ್ ಹೆಚ್ಚಿರುವವರಿಗೆ ಹತ್ತಿರದ ಓದಿನಲ್ಲಿ ಕನ್ನಡಕ ಒಂದಿಷ್ಟು ಸಹಾಯ ಮಾಡುತ್ತಿರುತ್ತದೆ. ಲೆನ್ಸಿಗೆ ಬಂದೊಡನೆ ಕಣ್ಣು ಅದೇ ಓದಿಗೆ ಹೆಚ್ಚು ಶ್ರಮಪಡಬೇಕು. ಅದರಿಂದ ಇನ್ನೂ ಬಾರದ ಚಾಳೀಸು ಬಂದೇ ಬಿಟ್ಟಂತಾಗಿ, ಫೋನಿನ ಅಕ್ಷರ ಮಸುಕಾಗುತ್ತದೆ. ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ಹೊಂದಿಸುವುದು, ಇಲ್ಲವೇ ಒಂದೇ ಲೆನ್ಸಿನಲ್ಲಿ ದೂರ, ಹತ್ತಿರ ಎರಡರ ಪವರೂ ಇರುವ ಮಲ್ಟಿಫೋಕಲ್ ಲೆನ್ಸ್ ಕೊಡುವುದು ಇದಕ್ಕಿರುವ ದಾರಿಗಳು. ಎರಡರಲ್ಲೂ ದೃಷ್ಟಿಯ ಗುಣದಲ್ಲಿ ಏನನ್ನಾದರೂ ಬಿಟ್ಟುಕೊಡಬೇಕಾಗುತ್ತದೆ. ರಾತ್ರಿ ವಾಹನ ಓಡಿಸುವವರು ಪ್ರಾಯೋಗಿಕ ಲೆನ್ಸಿನಲ್ಲೇ ಅದನ್ನು ಪರೀಕ್ಷಿಸಿ ಒಪ್ಪಬೇಕು.

ವಸ್ತುವಿನ ಆಯ್ಕೆ ಆಮ್ಲಜನಕದ ಪ್ರಶ್ನೆ. 1940ರ ದಶಕದ ಕೊನೆಯಲ್ಲಿ ಬಂದ ಗಟ್ಟಿ ಪ್ಲಾಸ್ಟಿಕ್ ಲೆನ್ಸಿನ ಮೂಲಕ ಆಮ್ಲಜನಕ ಹಾಯುತ್ತಲೇ ಇರಲಿಲ್ಲ. ಚೆಕ್ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆ 1961ರಲ್ಲಿ ಮಕ್ಕಳ ಜೋಡಣೆ ಆಟಿಕೆಯ ಬಿಡಿಭಾಗಗಳಿಂದ ಮನೆಯಲ್ಲೇ ಯಂತ್ರ ಕಟ್ಟಿ, ನೀರು ಹೀರುವ ಹೈಡ್ರೋಜೆಲ್ಲಿನಿಂದ ಮೆದು ಲೆನ್ಸ್ ತಯಾರಿಸಿದರು; 1971ರಲ್ಲಿ ಅಮೆರಿಕದಲ್ಲಿ ಅದರ ಮಾರಾಟಕ್ಕೆ ಅನುಮತಿ ದೊರೆಯಿತು. 1990ರ ದಶಕದ ಕೊನೆಗೆ ಬಂದ ಸಿಲಿಕೋನ್ ಹೈಡ್ರೋಜೆಲ್ ಆಮ್ಲಜನಕವನ್ನು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಿಡುತ್ತದೆ. ಹಾಗೆಂದು ಲೆನ್ಸ್ ಹಾಕಿಕೊಂಡೇ ಮಲಗಬಹುದೆಂದು ತಿಳಿಯಬಾರದು. ಮುಚ್ಚಿದ ರೆಪ್ಪೆಯಡಿ ಆಮ್ಲಜನಕ ಹೇಗೂ ಕಡಿಮೆ, ಕಣ್ಣೀರಿನ ಹರಿವೂ ಕಡಿಮೆ. ರಾತ್ರಿ ಧರಿಸುವುದರಿಂದ ಸೋಂಕಿನ ಅಪಾಯ ಹಲವು ಪಟ್ಟು ಹೆಚ್ಚುತ್ತದೆ.

ಬಣ್ಣದ ಲೆನ್ಸುಗಳ ಮಾತನ್ನು ಇಲ್ಲೇ ಹೇಳಿಬಿಡಬೇಕು. ಪವರ್ ಇಲ್ಲವಲ್ಲ, ಅಂದಕ್ಕೆ ಮಾತ್ರವಲ್ಲವೇ ಎಂದು ಮದುವೆಯ ಅಲಂಕಾರದ ಜೊತೆ ಅಳತೆಯಿಲ್ಲದೆ ಹಾಕಿಸಿಕೊಳ್ಳುವುದು, ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳುವುದು ಎರಡೂ ಅಪಾಯ. ಪವರ್ ಸೊನ್ನೆಯಿದ್ದರೂ ಬಾಗು ಮತ್ತು ವ್ಯಾಸ ಸೊನ್ನೆಯಾಗುವುದಿಲ್ಲ. ಅಮೆರಿಕದಲ್ಲಂತೂ 2005ರ ಕಾನೂನಿನಂತೆ ಅಲಂಕಾರದ ಲೆನ್ಸೂ ವೈದ್ಯಕೀಯ ಸಾಧನವೇ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ.

ಲೆನ್ಸ್ ಹೊಂದಿತೆಂದಾದ ಮೇಲೆ ಅದನ್ನು ಹಾಕುವುದನ್ನೂ ತೆಗೆಯುವುದನ್ನೂ ಅಲ್ಲಿಯೇ ಕುಳಿತು ಕಲಿಯಬೇಕು, ಸ್ವಂತವಾಗಿ ಎರಡೂ ಬಂದ ಮೇಲೆಯೇ ಎದ್ದು ಬರಬೇಕು. ಕೈ ತೊಳೆದು, ಎಳೆ ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಂಡು ಮುಟ್ಟುವುದು ಮೊದಲ ಪಾಠ. ಲೆನ್ಸ್ ಹಾಕಿಕೊಂಡ ನಂತರವೇ ಕಾಡಿಗೆ ಹಚ್ಚುವುದು, ಅದನ್ನೂ ರೆಪ್ಪೆಯ ಒಳಂಚಿಗೆ ತಾಗಿಸದಿರುವುದು ಎರಡನೆಯದು. ಹಸಿಮೆಣಸಿನಕಾಯಿ ಹೆಚ್ಚಿದ ಬೆರಳಿನ ಖಾರ ಒಂದು ಸಲದ ಸೋಪಿಗೆ ಹೋಗುವುದಿಲ್ಲವೆಂಬುದು ಅಡುಗೆ ಮಾಡುವ ಎಲ್ಲರಿಗೂ ಗೊತ್ತು, ಲೆನ್ಸ್ ತೆಗೆಯುವ ಹೊತ್ತಿಗೆ ಮರೆತಿರುತ್ತಾರೆ ಅಷ್ಟೆ. ನೀರಿನ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ನಲ್ಲಿ ನೀರಾಗಲಿ, ಬೋರ್‌ವೆಲ್ ನೀರಾಗಲಿ, ಕುಡಿಯುವ ಫಿಲ್ಟರ್ ನೀರಾಗಲಿ ಲೆನ್ಸಿಗೆ ಅಥವಾ ಅದರ ಡಬ್ಬಿಗೆ ತಾಗಬಾರದು; ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಾರ್ನಿಯಾಕ್ಕೆ ಹತ್ತಿದರೆ ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಡಬ್ಬಿಯ ಹಳೆಯ ದ್ರಾವಣದ ಮೇಲೆ ಹೊಸದನ್ನು ಸುರಿಯದೆ ಪ್ರತಿದಿನ ಪೂರ್ತಿ ಬದಲಿಸಬೇಕು, ಡಬ್ಬಿಯನ್ನೇ ಮೂರು ತಿಂಗಳಿಗೊಮ್ಮೆ ಎಸೆಯಬೇಕು. ಈ ಶಿಸ್ತು ಸಾಗದೆನಿಸಿದವರಿಗೆ ದಿನಕ್ಕೊಂದು ಜೊತೆ ಬಳಸಿ ಎಸೆಯುವ ಲೆನ್ಸ್ ಖರ್ಚಿನದಾದರೂ ಮೇಲು.

ಒಂದೆರಡು ವಾರದ ನಂತರದ ಭೇಟಿಯನ್ನು ಹೆಚ್ಚಿನವರು ತಪ್ಪಿಸುತ್ತಾರೆ. ಅಂದು ಲೆನ್ಸ್ ಹಾಕಿಕೊಂಡು ಕೆಲವು ಗಂಟೆಗಳಾದ ಮೇಲೆ, ಅದನ್ನು ಧರಿಸಿಯೇ ಹೋಗಬೇಕು. ಮೊದಲ ದಿನ ಇಪ್ಪತ್ತು ನಿಮಿಷದಲ್ಲಿ ಸರಿಯಾಗಿ ಚಲಿಸುತ್ತಿದ್ದ ಲೆನ್ಸ್ ಆರನೆಯ ಗಂಟೆಗೆ ಒಣಗಿ ಬಿಗಿಯಾಗಿರಬಹುದು. ಅದು ಕಾಣುವುದು ಆಗ ಮಾತ್ರ. ಲೆನ್ಸ್ ತೆಗೆಸಿ, ಬಣ್ಣ ಹಾಕಿ, ಕಾರ್ನಿಯಾದ ಮೇಲೆ ಗೀರು ಮಚ್ಚೆಗಳಿವೆಯೇ ಎಂದು ನೋಡಿದ ನಂತರವೇ ಕೊನೆಯ ಚೀಟಿ ಸಿದ್ಧವಾಗುವುದು. ಅದರಲ್ಲಿ ಪವರ್, ಬೇಸ್ ಕರ್ವ್, ವ್ಯಾಸ, ಟೋರಿಕ್ ಆದರೆ ಸಿಲಿಂಡರ್ ಮತ್ತು ಕೋನ, ಲೆನ್ಸಿನ ಹೆಸರು, ಎಷ್ಟು ದಿನಕ್ಕೆ ಬದಲಿಸಬೇಕು ಎಂಬುದು, ಚೀಟಿಯ ಅವಧಿ ಎಲ್ಲವೂ ಇರಬೇಕು. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಕೇಳದೆಯೇ ಸಿಗಬೇಕಾದ ಹಕ್ಕು: 2003ರ ಕಾಯಿದೆಯಂತೆ ಹೊಂದಾಣಿಕೆ ಮುಗಿದೊಡನೆ ಚೀಟಿಯ ಪ್ರತಿಯನ್ನು ಕೊಡಲೇಬೇಕು, ವೈದ್ಯಕೀಯ ಕಾರಣವಿಲ್ಲದಿದ್ದರೆ ಅದಕ್ಕೆ ಕನಿಷ್ಠ ಒಂದು ವರ್ಷದ ಅವಧಿಯಿರಬೇಕು. ನಮ್ಮಲ್ಲಿ ಕೇಳಿ ಪಡೆಯಬೇಕು. ಆನ್‌ಲೈನಿನಲ್ಲಿ ತರಿಸುವುದಿದ್ದರೆ ಆ ಚೀಟಿಯಲ್ಲಿರುವ ಲೆನ್ಸನ್ನೇ ತರಿಸಬೇಕು. ಅಗ್ಗವೆಂದು ಬೇರೆ ಹೆಸರಿನದನ್ನು ಆರಿಸಿದರೆ ಮತ್ತೆ ಕಣ್ಣಿಗೆ ಹಾಕಿ ನೋಡಿಸಲೇಬೇಕು.

ಮುಂದೆ ಎಂದಾದರೂ ಕಣ್ಣು ಕೆಂಪಾಗಿ, ನೋವಿನಿಂದ ಬೆಳಕನ್ನು ನೋಡಲಾಗದಂತಾದರೆ ಅಥವಾ ದೃಷ್ಟಿ ಮಸುಕಾದರೆ ಲೆನ್ಸನ್ನು ತಕ್ಷಣ ತೆಗೆದು, ಔಷಧದ ಅಂಗಡಿಯ ಹನಿಗಳಿಗೆ ಕಾಯದೆ ಅದೇ ದಿನ ನೇತ್ರತಜ್ಞರಲ್ಲಿಗೆ ಹೋಗಬೇಕು. ತೆಗೆದ ಲೆನ್ಸನ್ನೂ ಡಬ್ಬಿಯನ್ನೂ ಎಸೆಯದೆ ಜೊತೆಗೆ ಒಯ್ಯಬೇಕು. ಯಾವ ಸೂಕ್ಷ್ಮಜೀವಿಯಿಂದ ಸೋಂಕಾಗಿದೆಯೆಂದು ಪ್ರಯೋಗಾಲಯದಲ್ಲಿ ಪತ್ತೆಹಚ್ಚಲು ಅವು ನೆರವಾಗಬಹುದು.